40 ಸಾವಿರದ ಬೇಸಿಗೆ ರಜೆ: ಊಟಿಯೋ, ಗೋಕರ್ಣವೋ, ಅಜ್ಜಿ ಮನೆಯೋ?

ಸಂಕ್ರಾಂತಿಯ ಎಳ್ಳು-ಬೆಲ್ಲದ ಡಬ್ಬಿ ಖಾಲಿಯಾಗುವ ಮೊದಲೇ ನಮ್ಮನೆಯಲ್ಲಿ ಬೇಸಿಗೆ ರಜೆಯ ಮಾತು ಶುರು. ಮಗಳಿಗೆ ಬೆಟ್ಟ ಬೇಕು, ಮಗನಿಗೆ ಸಮುದ್ರ. ಅತ್ತೆಗೆ ಒಂದು ದೇವಸ್ಥಾನ ಇದ್ದರೆ ಸಾಕು. ನಮ್ಮನೆಯವರಿಗೆ ಫೋನ್ ಸಿಗ್ನಲ್ ಸಿಗದ ಜಾಗ ಬೇಕು, ಆದರೆ ಅಲ್ಲಿ ಎ.ಸಿ. ಮಾತ್ರ ಇರಲೇಬೇಕು. ನನ್ನ ಕೈಯಲ್ಲಿರುವುದು 40 ಸಾವಿರ ರೂಪಾಯಿ ಮತ್ತು ಒಂದು ಇನ್ನೂರು ಪುಟದ ನೋಟ್‌ಬುಕ್ಕು.

ಆ ನೋಟ್‌ಬುಕ್ಕಿನಲ್ಲಿ ಹಿಂದಿನ ಮೂರು ಬೇಸಿಗೆಯ ಲೆಕ್ಕ ಇದೆ. ಒಂದು ವರ್ಷ ಕಾರಿನಲ್ಲಿ ಊಟಿ, ಒಂದು ವರ್ಷ ರೈಲಿನಲ್ಲಿ ಗೋಕರ್ಣ, ಒಂದು ವರ್ಷ ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ನನ್ನ ತವರು. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಒಂದು ವಿಷಯ ಕಣ್ಣಿಗೆ ಹೊಡೆಯಿತು. ನಾವು ಪ್ರತಿ ವರ್ಷ ಜಗಳ ಆಡುವುದು ಊರಿನ ಹೆಸರಿಗೆ, ಟಿಕೆಟ್ಟಿನ ರೇಟಿಗೆ. ದುಡ್ಡು ಹೋಗಿರುವುದು ಮಾತ್ರ ರೂಮಿಗೆ. ಹಾಗಾಗಿ ಈಗ ನಾನು ಊರನ್ನು ಆಮೇಲೆ ನೋಡುತ್ತೇನೆ, ಮೊದಲು ಎಷ್ಟು ರಾತ್ರಿ ದುಡ್ಡು ಕೊಟ್ಟು ಮಲಗಬೇಕು ಅಂತ ಎಣಿಸುತ್ತೇನೆ.

ನಮ್ಮದು ಬೆಂಗಳೂರಿನಲ್ಲಿರುವ ಐದು ಜನರ ಸಂಸಾರ. ನಾವಿಬ್ಬರು, 11 ವರ್ಷದ ಮಗಳು, 7 ವರ್ಷದ ಮಗ, ಅತ್ತೆ. ನಾಲ್ಕೇ ಜನ ಇರುವವರಿಗೆ ಈ ಲೆಕ್ಕ ಬೇರೆ ಆಗುತ್ತದೆ, ಯಾಕೆಂದರೆ ಅವರು ಒಂದೇ ರೂಮಿನಲ್ಲಿ ಹೇಗೋ ಹೊಂದಿಕೊಳ್ಳಬಹುದು. ಐದನೆಯವರು ಬಂದ ಕೂಡಲೇ ಎರಡನೇ ರೂಮು ಬರುತ್ತದೆ. ಕೆಳಗಿನ ಅಂಕಿಗಳೆಲ್ಲ ನಮ್ಮ ಪುಸ್ತಕದವು, ದುಂಡಗೆ ಮಾಡಿ ಬರೆದಿದ್ದೇನೆ. ನಿಮ್ಮ ಬುಕಿಂಗ್ ದಿನದ ರೇಟು ನೋಡಿ ತಿದ್ದಿಕೊಳ್ಳಿ.

ಕಾರಿನಲ್ಲಿ ಊಟಿ: 3 ರಾತ್ರಿ, 41,100 ರೂಪಾಯಿ

ಪೆಟ್ರೋಲಿಗೆ 4,500. ಹೋಗಿ ಬರುವುದು, ಅಲ್ಲಿ ಸುತ್ತುವುದು ಎಲ್ಲ ಸೇರಿ ಸುಮಾರು 660 ಕಿ.ಮೀ. ಎ.ಸಿ. ಹಾಕಿಕೊಂಡು ಘಾಟಿ ಹತ್ತಿದರೆ ನಮ್ಮ ಕಾರು ಲೀಟರಿಗೆ 15ಕ್ಕಿಂತ ಜಾಸ್ತಿ ಕೊಡುವುದಿಲ್ಲ. ಟೋಲು, ಚೆಕ್‌ಪೋಸ್ಟು 1,000. ಊಟ-ತಿಂಡಿ ದಿನಕ್ಕೆ 2,200ರಂತೆ ನಾಲ್ಕು ದಿನ, 8,800. ಬೋಟು, ಗಾರ್ಡನ್ನು, ಪಾರ್ಕಿಂಗು, ಮಗನ ಗಾಳಿ ಬಂದೂಕು 4,000. ಚಾಕೊಲೇಟು, ಟೀ ಪುಡಿ, ನೀಲಗಿರಿ ಎಣ್ಣೆ 1,800. ಎರಡು ರೂಮು, ರಾತ್ರಿಗೆ ತಲಾ 3,500, ಮೂರು ರಾತ್ರಿ: 21,000.

ನೋಡಿ, ಒಟ್ಟು ಖರ್ಚಿನ ಅರ್ಧಕ್ಕಿಂತ ಜಾಸ್ತಿ ರೂಮೇ ನುಂಗಿತು. ಪೆಟ್ರೋಲಿನ ಬಗ್ಗೆ ನಾವು ದಾರಿಯುದ್ದಕ್ಕೂ ಗೊಣಗಿದ್ದೆವು. ಅದು ಒಂಬತ್ತನೇ ಒಂದು ಪಾಲು ಇರಬಹುದು, ಅಷ್ಟೇ.

ಊಟಿಗೆ ಕಾರಿನಲ್ಲಿ ಹೋಗುವವರಿಗೆ ಈಗ ಇನ್ನೊಂದು ಕೆಲಸ ಇದೆ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಇ-ಪಾಸ್ ಬಂತು. 2025ರ ಬೇಸಿಗೆಯಲ್ಲಿ ವಾಹನಗಳ ಸಂಖ್ಯೆಗೂ ಮಿತಿ ಹಾಕಿದರು: ಊಟಿಗೆ ವಾರದ ದಿನ 6,000, ವಾರಾಂತ್ಯದಲ್ಲಿ 8,000. ಕೊಡೈಕೆನಾಲಿಗೆ 4,000 ಮತ್ತು 6,000. ಪಾಸಿಗೆ ದುಡ್ಡಿಲ್ಲ, ಆದರೆ ಮೊದಲೇ ತೆಗೆದುಕೊಳ್ಳದೆ ಹೊರಟರೆ ಚೆಕ್‌ಪೋಸ್ಟಿನಲ್ಲಿ ಮಕ್ಕಳ ಜೊತೆ ಬಿಸಿಲಲ್ಲಿ ನಿಲ್ಲಬೇಕಾಗುತ್ತದೆ. ಸರ್ಕಾರಿ ಬಸ್ಸಿನಲ್ಲಿ ಹೋಗುವವರಿಗೆ ಈ ತಲೆನೋವಿಲ್ಲ. ಇನ್ನೊಂದು, ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ. "ಆಫೀಸ್ ಮುಗಿಸಿ ಸಂಜೆ ಹೊರಡೋಣ" ಅಂದರೆ ಮೈಸೂರಿನಲ್ಲೋ ಗುಂಡ್ಲುಪೇಟೆಯಲ್ಲೋ ಒಂದು ರಾತ್ರಿಯ ರೂಮು ಸುಮ್ನೆ ದಂಡ. ಬೆಳಗಿನ ಜಾವ ಹೊರಡುವುದೇ ಸರಿ. ಹಾಂ, ನೀಲಗಿರಿ ಜಿಲ್ಲೆಯಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿಗೆ ನಿಷೇಧ ಇದೆ. ಮನೆಯಿಂದ ಸ್ಟೀಲ್ ಬಾಟಲಿಗಳನ್ನೇ ಒಯ್ಯಿರಿ, ದಂಡವೂ ಉಳಿಯುತ್ತದೆ, ನೀರಿನ ದುಡ್ಡೂ ಉಳಿಯುತ್ತದೆ.

ಕಾರಿನ ಲಾಭ ನಿಜಕ್ಕೂ ಇರುವುದು ಅತ್ತೆಯಂಥವರಿಗೆ. ಬೇಕಾದಲ್ಲಿ ನಿಲ್ಲಿಸಬಹುದು, ಮೊಸರನ್ನದ ಡಬ್ಬಿ ಬಿಚ್ಚಬಹುದು. ರಾಷ್ಟ್ರೀಯ ಹೆದ್ದಾರಿಯಲ್ಲಿ ತಿಂಗಳಿಗೆ ಎರಡು ಮೂರು ಸಲ ಓಡಾಡುವವರು ಫಾಸ್ಟ್ಯಾಗ್ ವಾರ್ಷಿಕ ಪಾಸ್ ಮಾಡಿಸಿಕೊಂಡರೆ ಲಾಭ. 2025ರ ಆಗಸ್ಟ್ 15ರಂದು ಶುರುವಾದಾಗ ಅದಕ್ಕೆ 3,000 ರೂಪಾಯಿ ಇತ್ತು, 200 ಸಲ ಟೋಲ್ ದಾಟಲು ಅಥವಾ ಒಂದು ವರ್ಷಕ್ಕೆ. ವರ್ಷಕ್ಕೊಂದೇ ಪ್ರವಾಸ ಮಾಡುವ ನಮ್ಮಂಥವರಿಗೆ ಅದು ಬೇಡ.

ರೈಲಿನಲ್ಲಿ ಗೋಕರ್ಣ: 3 ರಾತ್ರಿ, 30,700 ರೂಪಾಯಿ

ಸ್ಲೀಪರಿಗೆ ತಲೆಗೆ 500 ಅಂತ ಇಟ್ಟುಕೊಂಡೆವು, ಹೋಗಿ ಬರಲು 5,000. ಎರಡು ರೂಮು ತಲಾ 2,000ದಂತೆ 12,000. ಊಟ-ತಿಂಡಿ 7,200. ಆಟೋ ಮತ್ತು ಒಂದು ದಿನ ಮುರುಡೇಶ್ವರಕ್ಕೆ ಟ್ಯಾಕ್ಸಿ 4,500. ಬೋಟು, ಎಳನೀರು, ಇತ್ಯಾದಿ 2,000.

ರೈಲಿನ ಗುಟ್ಟು ಟಿಕೆಟ್ ಅಗ್ಗ ಅನ್ನುವುದಲ್ಲ. ಹೋಗುವ ರಾತ್ರಿ, ಬರುವ ರಾತ್ರಿ ಎರಡೂ ರೈಲಿನಲ್ಲೇ ಕಳೆಯುತ್ತವೆ. ಅಂದರೆ ನಾಲ್ಕು ಹಗಲಿಗೆ ಮೂರೇ ರಾತ್ರಿಯ ರೂಮು, ಆ ನಾಲ್ಕು ಹಗಲೂ ಪೂರ್ತಿ ನಮ್ಮವು. ಕಾರಿನಲ್ಲಿ ಹೋದಾಗ ಎರಡು ಹಗಲು ರಸ್ತೆಗೇ ಹೋಗಿತ್ತು.

ಆದರೆ ನಾವಿಲ್ಲಿ ಒಂದು ಪೆದ್ದುತನ ಮಾಡಿದೆವು. ರೂಮಿಗೆ 2,000 ಅಂದಾಗ ಖುಷಿಯಾಗಿ ಎ.ಸಿ. ಇಲ್ಲದ್ದನ್ನೇ ತೆಗೆದುಕೊಂಡೆವು. ಮೇ ತಿಂಗಳ ಕರಾವಳಿ ಗೊತ್ತಲ್ವಾ? ಫ್ಯಾನು ತಿರುಗುತ್ತಿದ್ದರೂ ಮೈ ಒಣಗುವುದಿಲ್ಲ. ಮೊದಲ ರಾತ್ರಿ ಮಗ ಹೊದಿಕೆ, ದಿಂಬು ಎಲ್ಲ ಬಿಟ್ಟು ನೆಲದ ಟೈಲ್ಸ್ ಮೇಲೆ ಹೊಟ್ಟೆ ಅಂಟಿಸಿಕೊಂಡು ಮಲಗಿದ್ದ. ಅತ್ತೆ ನಡುರಾತ್ರಿ ಎದ್ದು ಸೆರಗು ಒದ್ದೆ ಮಾಡಿ ಮುಖಕ್ಕೆ ಹಾಕಿಕೊಂಡರು. ಮರುದಿನ ಬೆಳಗ್ಗೆ ಯಾರಿಗೂ ಓಂ ಬೀಚಿಗೆ ಇಳಿಯುವ ಉಮೇದಿರಲಿಲ್ಲ. ಬೇಸಿಗೆಯಲ್ಲಿ ಕರಾವಳಿಗೆ ಹೋಗುವವರು ಎ.ಸಿ. ರೂಮಿನ ದುಡ್ಡನ್ನು ಮೊದಲೇ ತೆಗೆದಿಡಿ. ನಮ್ಮ ಲೆಕ್ಕಕ್ಕೆ ಇನ್ನು 5 ಸಾವಿರ ಸೇರಿಸಿದರೂ ಊಟಿಗಿಂತ ಕಡಿಮೆಯೇ.

ಮೇ ಕೊನೆಗಿಂತ ಏಪ್ರಿಲ್ ವಾಸಿ. ಮಳೆಗಾಲ ಹತ್ತಿರ ಬಂದಂತೆ ಸಮುದ್ರದ ಅಲೆ ಜೋರಾಗುತ್ತದೆ. ಮಕ್ಕಳನ್ನು ದಡದಲ್ಲೇ ಕೂರಿಸಿಕೊಂಡು ಬರುವುದಾದರೆ ಅಷ್ಟು ದೂರ ಯಾಕೆ?

ರೈಲಿನಲ್ಲಿ ಮಕ್ಕಳ ಟಿಕೆಟ್ ವಿಷಯ ಹಲವರಿಗೆ ಇನ್ನೂ ಸರಿಯಾಗಿ ಗೊತ್ತಿಲ್ಲ. 5 ವರ್ಷದ ಒಳಗಿನವರಿಗೆ ಬರ್ತ್ ಬೇಡ ಅಂದರೆ ಟಿಕೆಟ್ಟೇ ಬೇಡ. 5ರಿಂದ 11ರವರೆಗಿನ ಮಕ್ಕಳಿಗೆ ಬರ್ತ್ ಬೇಕಾದರೆ 2016ರಿಂದ ಪೂರ್ತಿ ಚಾರ್ಜು, ಬೇಡವಾದರೆ ಅರ್ಧ. "ಮಗ ನನ್ನ ಪಕ್ಕದಲ್ಲೇ ಮಲಗುತ್ತಾನೆ" ಅಂತ ಅರ್ಧ ಟಿಕೆಟ್ ಮಾಡಿಸಿದ ಒಂದು ರಾತ್ರಿ ನನಗಿನ್ನೂ ನೆನಪಿದೆ. ಸ್ಲೀಪರ್ ಬರ್ತಿನಲ್ಲಿ 7 ವರ್ಷದ ಹುಡುಗನ ಮೊಣಕಾಲು ಬೆನ್ನಿಗೆ ಒತ್ತಿಕೊಂಡೇ ಬೆಳಗಾಯಿತು. 250 ರೂಪಾಯಿ ಉಳಿಸಲು ಹೋಗಿ ಮೂರು ದಿನ ಸೊಂಟನೋವು. ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತಿದ್ದು ತಿರುಗಿ ಬಂದಿಲ್ಲ, ಆದ್ದರಿಂದ ಅತ್ತೆಗೂ ಪೂರ್ತಿ ಟಿಕೆಟ್.

ಅಜ್ಜಿ ಮನೆ: 10 ದಿನ, 17,000 ರೂಪಾಯಿ

ಕಾಗದದ ಮೇಲೆ ಇದೇ ಗೆಲ್ಲುತ್ತದೆ. ತಾಳಗುಪ್ಪ ರೈಲಿನಲ್ಲಿ ರಾತ್ರಿ ಮಲಗಿದರೆ ಬೆಳಗ್ಗೆ ಸಾಗರ. ತಲೆಗೆ 300ರಂತೆ ಎರಡೂ ಕಡೆ ಸೇರಿ 3,000. ಒಯ್ಯುವ ಸಾಮಾನು, ಬಟ್ಟೆ, ಹಣ್ಣು 5,000. ಎರಡು ದಿನ ಬಾಡಿಗೆ ಕಾರು ಮಾಡಿ ಇಕ್ಕೇರಿ, ಕೆಳದಿ, ಸಿಗಂದೂರು ಸುತ್ತಿದ್ದಕ್ಕೆ 6,000. ದಿನಸಿ, ಐಸ್‌ಕ್ರೀಮು, ಸಣ್ಣಪುಟ್ಟ 3,000. ದಿನಕ್ಕೆ 1,700 ಬಿತ್ತು. ಊಟಿಯಲ್ಲಿ ದಿನಕ್ಕೆ 10 ಸಾವಿರದ ಮೇಲೆ, ಗೋಕರ್ಣದಲ್ಲಿ 7,700 ಬಿದ್ದಿತ್ತು.

ಮಕ್ಕಳು ಇವತ್ತಿಗೂ ಹೇಳುವುದು ಇದೇ ಪ್ರವಾಸದ ಕಥೆ. ಮೇ ತಿಂಗಳು ಅಂದರೆ ನಮ್ಮ ಕಡೆ ಹಲಸಿನ ಹಪ್ಪಳದ ಕಾಲ. ಅಮ್ಮ ತೊಳೆ ಬೇಯಿಸಿ, ಮೆಣಸು-ಉಪ್ಪು ಹಾಕಿ ಬೀಸಿ, ಉಂಡೆ ಕಟ್ಟಿ ಕೊಡುತ್ತಾಳೆ. ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಉಂಡೆ ಇಟ್ಟು ಮಣೆಯಿಂದ ಒತ್ತುವ ಕೆಲಸ ಮಗಳದು. ಚಾಪೆಯ ಮೇಲೆ ಒಣಗಲು ಹಾಕಿದ್ದನ್ನು ಕಾಗೆಯಿಂದ ಕಾಯುವ ಕೆಲಸ ಮಗನದು. ಅವನು ಕಾಗೆಗಿಂತ ಜಾಸ್ತಿ ತಿಂದ. ಹಸಿ ಹಿಟ್ಟಿನ ಉಂಡೆ ಎಷ್ಟು ಮಾಯವಾಯಿತೋ ಲೆಕ್ಕವಿಲ್ಲ, ಆ ರಾತ್ರಿ ಓಮದ ನೀರು ಕುಡಿಸಬೇಕಾಯಿತು. ಊಟಿಯ ಬೋಟಿಂಗನ್ನು ಈಗ ಅವನಿಗೆ ಫೋಟೋ ತೋರಿಸಿ ನೆನಪಿಸಬೇಕು.

ಆದರೂ 17 ಸಾವಿರ ಅನ್ನುವುದು ಪೂರ್ತಿ ನಿಜವಾದ ಅಂಕಿ ಅಲ್ಲ. ನಮ್ಮ ಐದು ಜನರ ಹತ್ತು ದಿನದ ಅಡುಗೆ ಯಾರು ಮಾಡಿದರು? ಅಮ್ಮ ಮತ್ತು ಅತ್ತಿಗೆ. ಅವರ ದುಡಿಮೆಯನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆಯಲಿಲ್ಲ, ಆದ್ದರಿಂದ ಖರ್ಚು ಕಡಿಮೆ ಕಂಡಿತು. ಕೈಗೆ ದುಡ್ಡು ಕೊಟ್ಟರೆ ಅವರು ತಗೊಳ್ಳುವುದಿಲ್ಲ, ಬೇಜಾರೂ ಮಾಡಿಕೊಳ್ಳುತ್ತಾರೆ. ಈಗ ನಾನು ಹೋದ ದಿನವೇ ಪೇಟೆಗೆ ಹೋಗಿ ಹತ್ತು ದಿನಕ್ಕಾಗುವ ದಿನಸಿ ತಂದು ಹಾಕುತ್ತೇನೆ, ಬೆಳಗಿನ ತಿಂಡಿ ನನ್ನದು. ನಮ್ಮನೆಯವರು ಪಾತ್ರೆ ತೊಳೆಯುತ್ತಾರೆ. ಅಳಿಯ ಪಾತ್ರೆ ತೊಳೆಯುವುದೇ ಅಂತ ಮೊದಲ ದಿನ ಅಮ್ಮ ಗಾಬರಿಯಾದಳು, ಮೂರನೇ ದಿನಕ್ಕೆ ತಳ ಹಿಡಿದ ಪಾತ್ರೆಯನ್ನೂ ಪಕ್ಕದಲ್ಲಿ ತಂದಿಟ್ಟಳು.

ಇನ್ನು ಅತ್ತೆಯ ವಿಷಯ. "ಬೀಗರ ಮನೆಯಲ್ಲಿ ಹತ್ತು ದಿನ ಕೂರೋಕಾಗುತ್ತೇನೇ?" ಅಂತ ಅವರು ಕೇಳಿದ್ದು ತಪ್ಪೇನಲ್ಲ. ಮೂರು ದಿನ ಇದ್ದು, ಶಿವಮೊಗ್ಗದಲ್ಲಿರುವ ನನ್ನ ನಾದಿನಿಯ ಮನೆಗೆ ಹೋದರು. ಸಾಗರದಿಂದ ಶಿವಮೊಗ್ಗಕ್ಕೆ ಸರ್ಕಾರಿ ಬಸ್ಸಿನಲ್ಲಿ ಅವರಿಗೆ ಟಿಕೆಟ್ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆಲ್ಲ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಉಚಿತ, ಆಧಾರ್‌ನಂಥ ಗುರುತಿನ ಚೀಟಿ ಜೊತೆಗಿರಬೇಕು. ರಾಜಹಂಸ, ಎ.ಸಿ., ಸ್ಲೀಪರ್ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಅವುಗಳಲ್ಲಿ ಹೋಗುವುದಾದರೆ ನಾಲ್ಕು ಅಥವಾ ಹೆಚ್ಚು ಜನರ ಟಿಕೆಟ್ ಒಟ್ಟಿಗೆ ಮಾಡಿಸಿದರೆ ಕೆಎಸ್‌ಆರ್‌ಟಿಸಿ ಶೇ 5 ರಿಯಾಯಿತಿ ಕೊಡುತ್ತದೆ, ಹೋಗಿ ಬರುವುದನ್ನು ಒಟ್ಟಿಗೆ ಮಾಡಿಸಿದರೆ ವಾಪಸ್ ಟಿಕೆಟ್ಟಿಗೆ ಶೇ 10. ಏಪ್ರಿಲ್-ಮೇ ಮದುವೆ ಸೀಸನ್ನಿನಲ್ಲಿ ಶುಕ್ರವಾರ ರಾತ್ರಿಯ ಖಾಸಗಿ ಬಸ್ ರೇಟು ನೋಡಿದವರಿಗೆ ಇದರ ಬೆಲೆ ಗೊತ್ತು.

ಸಾಗರಕ್ಕೆ ಹೋದಿರಿ ಅಂತ ಮೇ ತಿಂಗಳಲ್ಲಿ ಜೋಗಕ್ಕೆ ಮಕ್ಕಳನ್ನು ಆಸೆ ಹುಟ್ಟಿಸಿ ಕರೆದುಕೊಂಡು ಹೋಗಬೇಡಿ. ಬಂಡೆ ನೋಡಿ ಬರಬೇಕಾಗುತ್ತದೆ.

ಪ್ಯಾಕೇಜ್ ಟೂರು

ಶ್ರೀನಗರ, ಶಿಮ್ಲಾ, ಮನಾಲಿ ಜಾಹೀರಾತು ನೋಡಿ ಮಗಳು ಕುಣಿದಳು. ಐದು ಜನರಿಗೆ ಮೇ ತಿಂಗಳ ವಿಮಾನದ ಟಿಕೆಟ್ಟಿಗೇ ನಮ್ಮ 40 ಸಾವಿರ ಸಾಲದು. ಎಲ್ಲ ಸೇರಿ ಎರಡು ಲಕ್ಷ ಅಂತ ಹಿಡಿದರೆ, ಎರಡು ವರ್ಷ ತಿಂಗಳಿಗೆ 8,300 ರೂಪಾಯಿ ಆರ್‌.ಡಿ. ಕಟ್ಟಬೇಕು. ಕಟ್ಟುವ ಶಕ್ತಿ ಇದ್ದರೆ ಒಳ್ಳೆಯದೇ. ಕ್ರೆಡಿಟ್ ಕಾರ್ಡಿನ ಕಂತಿನಲ್ಲಿ ಹೋಗುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಹಿಮ ನೋಡಿ ಬಂದ ಮೇಲೆ ಮುಂದಿನ ಬೇಸಿಗೆಯವರೆಗೂ ಕಂತು ಕಟ್ಟುತ್ತಿರಬೇಕು.

ಪ್ಯಾಕೇಜ್ ಹೋಲಿಸುವಾಗ ಜಾಹೀರಾತಿನ "ತಲೆಗೆ ಇಷ್ಟು" ಅನ್ನುವುದನ್ನು ನೋಡಿ ಹೋಲಿಸಬೇಡಿ. ಅದು ಸಾಮಾನ್ಯವಾಗಿ ಒಂದು ರೂಮಿಗೆ ಇಬ್ಬರು ಅಂತ ಹಿಡಿದ ರೇಟು. ನಮ್ಮ ಐದೂ ಜನರ ವಯಸ್ಸು ಹೇಳಿ, ಯಾರಿಗೆ ಬೆಡ್, ಯಾರಿಗಿಲ್ಲ, ಮಧ್ಯಾಹ್ನದ ಊಟ ಇದೆಯೋ, ಪ್ರವೇಶ ಟಿಕೆಟ್ ಒಳಗೋ ಹೊರಗೋ, ಜಿಎಸ್‌ಟಿ ಸೇರಿದೆಯೋ ಅಂತ ಕೇಳಿ ಒಂದೇ ಮೊತ್ತವನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಬೇಡ.

ರೂಮಿನ ಖರ್ಚು ಇಳಿಸುವುದು

ಬಾಯಿಮಾತು ನಂಬಿದ್ದಕ್ಕೆ ಕೊಟ್ಟ ದಂಡ ಹೇಳುತ್ತೇನೆ. ಒಮ್ಮೆ ಗುಡ್ಡದ ಊರಿನ ಒಂದು ಹೋಟೆಲಿಗೆ ಫೋನ್ ಮಾಡಿದಾಗ, "ಬನ್ನಿ ಮೇಡಂ, ದೊಡ್ಡ ರೂಮು, ಐದು ಜನ ಆರಾಮಾಗಿ ಇರಬಹುದು" ಅಂದರು. ಹೋದ ಮೇಲೆ, ರೇಟು ಇಬ್ಬರಿಗೆ ಮಾತ್ರ, ಉಳಿದ ಮೂವರಿಗೆ ತಲಾ 700ರಂತೆ ಹಾಸಿಗೆ ಚಾರ್ಜು ಅಂದರು. ಎರಡು ರಾತ್ರಿಗೆ 4,200. ಕೊಟ್ಟ ಹಾಸಿಗೆಯೋ, ಕೈ ಇಟ್ಟರೆ ನೆಲ ಸಿಗುತ್ತಿತ್ತು. ರಾತ್ರಿ ಎಂಟು ಗಂಟೆಗೆ, ನಿದ್ದೆ ಹೋದ ಮಗನನ್ನು ಹೆಗಲ ಮೇಲೆ ಹಾಕಿಕೊಂಡು ಎಷ್ಟು ಹೊತ್ತು ಜಗಳ ಆಡುತ್ತೀರಿ?

ರೂಮಿನ ರೇಟಿಗೆ ತೆರಿಗೆ ಸೇರಿದೆಯೋ ಅಂತಲೂ ಕೇಳಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ನಮ್ಮ ಊಟಿಯ 21 ಸಾವಿರದ ಮೇಲೆ ಲೆಕ್ಕ ಹಾಕಿದರೆ 1,470 ರೂಪಾಯಿ ವ್ಯತ್ಯಾಸ. ಹಳೇ ಶೇಕಡಾವಾರು ಹಾಕಿದ ಬಿಲ್ಲು ಕೈಗೆ ಬಂದರೆ ಸುಮ್ಮನಿರಬೇಡಿ.

ಹೋಂಸ್ಟೇ ಅಗ್ಗ ಅನ್ನುವುದು ಗಂಡ-ಹೆಂಡತಿ ಇಬ್ಬರೇ ಹೋದಾಗ ನಿಜ. ಕೊಡಗು, ಚಿಕ್ಕಮಗಳೂರಿನ ಕಡೆ ಹೆಚ್ಚಾಗಿ ರೇಟು ತಲೆಗೆ, ಊಟ ಸೇರಿ. ತಲೆಗೆ 1,800 ಅಂದರೆ ನಮಗೆ ರಾತ್ರಿಗೆ 9,000. ಎರಡು ರೂಮು ತಲಾ 3,000, ಊಟ 2,200 ಅಂತ ಹೋಟೆಲಿನಲ್ಲಿ ಉಳಿದರೆ 8,200. ಮಕ್ಕಳಿಗೆ ಅರ್ಧ ರೇಟು ಅಂತ ಮಾತಾಡಿಕೊಂಡರೆ ಮಾತ್ರ ಹೋಂಸ್ಟೇ ಮುಂದೆ ಬರುತ್ತದೆ. ಅಲ್ಲಿನ ಕಡುಬು, ಅಕ್ಕಿ ರೊಟ್ಟಿ ಹೋಟೆಲಿನಲ್ಲಿ ಸಿಗುವುದಿಲ್ಲ, ಅದಕ್ಕೆಷ್ಟು ಬೆಲೆ ಅನ್ನುವುದು ನಿಮಗೆ ಬಿಟ್ಟಿದ್ದು.

ರಾಜ್ಯ ಪ್ರವಾಸೋದ್ಯಮ ನಿಗಮದ (ಕೆಎಸ್‌ಟಿಡಿಸಿ) ಮಯೂರ ಹೋಟೆಲುಗಳನ್ನು ಜನ ಯಾಕೋ ಮರೆತಿದ್ದಾರೆ. ಮಡಿಕೇರಿಯ ಮಯೂರ ವ್ಯಾಲಿ ವ್ಯೂ, ಬೇಲೂರಿನ ವೇಲಾಪುರಿ, ಜೋಗದ ಗೇರುಸೊಪ್ಪ, ಊಟಿಯಲ್ಲೂ ಒಂದು ಮಯೂರ ಸುದರ್ಶನ ಇದೆ. ಕಟ್ಟಡ ಹಳೇದು ಅನಿಸಬಹುದು, ಆದರೆ ಬಹಳ ಕಡೆ ಜಾಗ ಮಾತ್ರ ಊರಿನ ಆಯಕಟ್ಟಿನದು. ಸರ್ಕಾರದ್ದೇ ಆದ ಕಾಡಿನ ರೆಸಾರ್ಟು ಜಂಗಲ್ ಲಾಡ್ಜಸ್ ಬೇರೆ ಲೆಕ್ಕ: ತಲೆಗಿಷ್ಟು ಅಂತ ಊಟ, ಸಫಾರಿ ಎಲ್ಲ ಸೇರಿಸಿ ಹಿಡಿಯುತ್ತಾರೆ. ಐದು ಜನಕ್ಕೆ ಒಂದೇ ರಾತ್ರಿಗೆ ನಮ್ಮ ಬಜೆಟ್ಟಿನ ಬೆನ್ನು ಮುರಿಯುತ್ತದೆ. ಧರ್ಮಸ್ಥಳ, ಹೊರನಾಡು, ಶೃಂಗೇರಿ ಸುತ್ತು ಹಾಕುವವರಿಗೆ ಊಟದ ಚಿಂತೆ ಇಲ್ಲ, ರೂಮೂ ಅಗ್ಗ. ರಜೆಯಲ್ಲಿ ಸಾಲು ಉದ್ದ ಇರುತ್ತದೆ ಅನ್ನುವುದೊಂದೇ.

ಎಲ್ಲಕ್ಕಿಂತ ಜಾಸ್ತಿ ಉಳಿಸಿಕೊಡುವುದು ವಾರ. ಶುಕ್ರವಾರ, ಶನಿವಾರದ ರಾತ್ರಿಗಳನ್ನು ಬಿಟ್ಟು ಭಾನುವಾರ ಹೊರಟು ಗುರುವಾರ ಬನ್ನಿ. ರೂಮಿನ ರೇಟು ಇಳಿಯುತ್ತದೆ, ಮಾತಾಡಿದರೆ ಇನ್ನೂ ಇಳಿಯುತ್ತದೆ.

ಈ ವರ್ಷದ ಲೆಕ್ಕ

ಮೂರು ಪುಟ ತಿರುವಿ ಹಾಕಿ ಕೊನೆಗೆ ನಾನು ಮಾಡಿದ್ದು ಎರಡನ್ನು ಹೊಲಿದು ಒಂದು ಮಾಡಿದ್ದು. ಗೋಕರ್ಣದ ಬದಲು ಮುರುಡೇಶ್ವರ. ಬೆಂಗಳೂರಿನಿಂದ ಅಲ್ಲಿಯವರೆಗೇ ರೈಲು ಇದೆ, ಮೈಸೂರಿನ ಮೇಲೆ ಹೋಗುತ್ತದೆ. ಅತ್ತೆಗೆ ದೇವಸ್ಥಾನ, ಮಗನಿಗೆ ಸಮುದ್ರ, ಎರಡೂ ಒಂದೇ ಕಡೆ, ಟ್ಯಾಕ್ಸಿ ಬೇಡ. ಎರಡು ರಾತ್ರಿ ಎ.ಸಿ. ರೂಮಿನಲ್ಲಿದ್ದು, ಮೂರನೇ ದಿನ ಹೊನ್ನಾವರಕ್ಕೆ ಬಂದು ಗೇರುಸೊಪ್ಪೆ ಘಾಟಿ ಹತ್ತಿ ಬಸ್ಸಿನಲ್ಲಿ ಸಾಗರ. ಹೆಂಗಸರು ಮೂವರಿಗೂ ಟಿಕೆಟ್ ಇಲ್ಲ, ಮಗನಿಗೆ ಅರ್ಧ. ಮಗಳಿಗೆ ಬೆಟ್ಟ ಬೇಕಿತ್ತಲ್ಲ, ಘಾಟಿಯ ತಿರುವುಗಳಲ್ಲಿ ಕಿಟಕಿ ಪಕ್ಕದ ಸೀಟು ಅವಳಿಗೇ. ಆಮೇಲೆ ಒಂದು ವಾರ ಅಜ್ಜಿ ಮನೆ.

ಹೋಗುವ ರೈಲು 2,500. ರೂಮು ತಲಾ 2,800ರಂತೆ ಎರಡು ರಾತ್ರಿ 11,200. ಮೂರು ದಿನದ ಊಟ 5,400. ಆಟೋ 2,500, ಬೋಟು-ಗೀಟು 1,500, ಬಸ್ಸಿಗೆ 500. ಅಮ್ಮನ ಮನೆಗೆ ದಿನಸಿ, ಸಾಮಾನು 6,000. ಒಂದು ದಿನದ ಬಾಡಿಗೆ ಕಾರು 3,000. ವಾಪಸ್ ರೈಲು 1,500. ಒಟ್ಟು 34,100. ಉಳಿದ 5,900ನ್ನು ಒಂದು ಕವರಿಗೆ ಹಾಕಿ ಅತ್ತೆಯ ಕೈಗೆ ಕೊಡುವುದು. ಡಾಕ್ಟರ ಹತ್ತಿರ ಹೋಗುವ ಹಾಗಾದರೆ ಮಾತ್ರ ಅವರು ಅದನ್ನು ಬಿಚ್ಚುತ್ತಾರೆ, ಐಸ್‌ಕ್ರೀಮಿಗೆ ಯಾರು ಅತ್ತರೂ ಬಿಚ್ಚುವುದಿಲ್ಲ.

ರೈಲಿನ ಬುಕಿಂಗ್ 2024ರ ನವೆಂಬರ್ 1ರಿಂದ 60 ದಿನ ಮೊದಲು ತೆರೆಯುತ್ತದೆ, ಮುಂಚೆ 120 ಇತ್ತು. ಏಪ್ರಿಲ್ 20ರ ರೈಲಿಗೆ ಫೆಬ್ರವರಿ 19ರ ಬೆಳಗ್ಗೆ 8 ಗಂಟೆ. ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಿಸಿದ್ದಾಗಿದೆ, ಅದಿಲ್ಲದಿದ್ದರೆ ತೆರೆದ ತಕ್ಷಣ ಬುಕ್ ಮಾಡಲು ಬಿಡುವುದಿಲ್ಲ. ಅತ್ತೆಯ ಟಿಕೆಟ್ಟನ್ನು ಮಾತ್ರ ಬೇರೆಯಾಗಿ, ಲೋವರ್ ಬರ್ತ್ ಕೋಟಾದಲ್ಲಿ ಮಾಡಿಸಬೇಕು. ನಮ್ಮೆಲ್ಲರ ಜೊತೆ ಸೇರಿಸಿದರೆ ಆ ಕೋಟಾ ಸಿಗುವುದಿಲ್ಲ. ಬೇರೆ ಬೋಗಿ ಬಂದರೆ ಏನು ಮಾಡುವುದು ಅಂತ ನಮ್ಮನೆಯವರು ಕೇಳಿದರು. "ನೀವು ಅಲ್ಲಿ ಹೋಗಿ ಅವರ ಜೊತೆ ಕೂತ್ಕೊಳ್ಳಿ, ಅಲ್ಲಿ ಸಿಗ್ನಲ್ಲೂ ಇರಲ್ಲ" ಅಂದಿದ್ದೇನೆ.